ಮೊದಲ ನೀರು ಹಿತ್ತಿಲಿಗೆ

ಪುತ್ತೂರು, ಸುಳ್ಯ, ಕಡಬದ ಕಡೆ ವಸಂತ ಬರುವುದೂ ಬಾವಿಯ ನೀರು ಇಳಿಯುವುದೂ ಒಟ್ಟೊಟ್ಟಿಗೆ. ಮಾವು ಮಿಡಿ ಕಟ್ಟುತ್ತದೆ, ಹಲಸಿನ ಮರದಲ್ಲಿ ಗುಜ್ಜೆ ಜೋಲುತ್ತದೆ, ಗೇರುಹಣ್ಣಿನ ಪರಿಮಳ ಗುಡ್ಡೆಯಿಂದ ಅಂಗಳದವರೆಗೆ ಬರುತ್ತದೆ. ಅದೇ ವಾರಗಳಲ್ಲಿ ತೋಡಿಗೆ ಅಡ್ಡ ಹಾಕಿದ ಕಟ್ಟದ ಹಿಂದಿನ ನೀರು ದಿನದಿಂದ ದಿನಕ್ಕೆ ತಗ್ಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನೆಲ ಇದು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೊಳೆ ಸೇರುತ್ತದೆ. ಮಾರ್ಚ್ ಬಂತೆಂದರೆ ಇದ್ದ ನೀರನ್ನು ಯಾವುದಕ್ಕೆ ಕೊಡಬೇಕು, ಎಷ್ಟು ಕೊಡಬೇಕು ಎಂಬ ಲೆಕ್ಕ ಪ್ರತಿ ಮನೆಯಲ್ಲೂ ಶುರುವಾಗುತ್ತದೆ. ಉತ್ತರವೂ ಬಹುತೇಕ ಎಲ್ಲ ಕಡೆ ಒಂದೇ. ಮೊದಲು ಅಡಿಕೆಗೆ. ಆಮೇಲೆ ತೆಂಗಿಗೆ, ಕೊಕ್ಕೋಗೆ, ಕಾಳುಮೆಣಸಿಗೆ. ಮತ್ತೂ ಉಳಿದರೆ ಹಿತ್ತಿಲಿನ ಬೆಂಡೆ, ಅಲಸಂಡೆ, ಬಸಳೆಗೆ.

ಈ ಸರದಿ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ಬೇಸಗೆಯ ನೀರು, ಹಟ್ಟಿಗೊಬ್ಬರ, ಮನೆಮಂದಿಯ ಕೈಕೆಲಸ ಮೂರರಲ್ಲೂ ಮೊದಲ ಪಾಲು ಹಿತ್ತಿಲಿಗೆ ಸಲ್ಲಬೇಕು. ಅಡಿಕೆ ಬೇಡ ಎಂದು ಹೇಳುತ್ತಿಲ್ಲ. ಈ ಮೂರು ತಾಲೂಕುಗಳ ಮನೆ, ಮದುವೆ, ಮಕ್ಕಳ ಓದು ಎಲ್ಲವೂ ಅಡಿಕೆಯ ಹಣದಿಂದಲೇ ನಡೆದಿವೆ. 1973ರಲ್ಲಿ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು ಇಲ್ಲಿನ ಬೆಳೆಗಾರರ ಕಷ್ಟಕ್ಕೆ ಉತ್ತರವಾಗಿ, ಆ ಸಹಕಾರದ ಬಲವನ್ನು ಮರೆಯುವಂತಿಲ್ಲ. ನಾನು ಹೇಳುತ್ತಿರುವುದು ಎರಡು ಮೂರು ಸೆಂಟ್ಸ್ ಜಾಗದ ಮಾತು. ಅಷ್ಟು ಜಾಗವನ್ನು ‘ಬಿಡುವಾದರೆ ಮಾಡುವ ಕೆಲಸ’ ಎಂಬ ಪಟ್ಟಿಯಿಂದ ತೆಗೆದು ‘ಮೊದಲು ಮುಗಿಸಬೇಕಾದ ಕೆಲಸ’ ಎಂಬ ಪಟ್ಟಿಗೆ ಸೇರಿಸಬೇಕು.

ಹಿತ್ತಿಲಿನ ವಸಂತದ ಕೆಲಸ ಹೊರಗಿನವರಿಗೆ ಕಾಣುವಷ್ಟು ಸಣ್ಣದಲ್ಲ. ಏಪ್ರಿಲ್ ನಡುವಿನ ಬಿಸು ಹಬ್ಬದ ಆಚೀಚೆಗೆ ಇಲ್ಲಿ ಏಕಕಾಲಕ್ಕೆ ಒಂದು ತೋಟವನ್ನು ಮುಗಿಸಬೇಕು, ಇನ್ನೊಂದನ್ನು ಆರಂಭಿಸಬೇಕು. ಡಿಸೆಂಬರ್-ಜನವರಿಯಲ್ಲಿ ಬಿತ್ತಿದ ಬೇಸಗೆ ತರಕಾರಿ ಏಪ್ರಿಲ್‌ನಲ್ಲಿ ಕೊನೆಯ ಕೊಯ್ಲಿಗೆ ಬಂದಿರುತ್ತದೆ. ಸೌತೆ, ಕುಂಬಳ, ಚೀನಿಕಾಯಿಗಳನ್ನು ತೊಟ್ಟು ಸಹಿತ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕುವ ಕಾಲ ಅದು. ಮಳೆಗಾಲದಲ್ಲಿ ತರಕಾರಿ ಕೊರತೆಯಾಗುವ ಹೊತ್ತಿಗೆ ಅವು ಊಟಕ್ಕೆ ಬರುತ್ತವೆ. ಹಲಸಿನ ಸೊಳೆ ಉಪ್ಪಿಗೆ ಹಾಕಬೇಕು, ಹಪ್ಪಳ ಒಣಗಿಸಬೇಕು, ಮಾವಿನ ರಸವನ್ನು ಹರವಿ ಮಾಂಬಳ ಮಾಡಬೇಕು, ಪುನರ್ಪುಳಿಯ ಸಿಪ್ಪೆಯನ್ನು ಬಿಸಿಲಿಗಿಡಬೇಕು. ಮಧ್ಯಾಹ್ನದ ನಂತರ ಮೋಡ ಕಟ್ಟುವ ಮೇ ತಿಂಗಳು ಈ ಕೆಲಸಗಳಿಗೆ ಕಾಯುವುದಿಲ್ಲ.

ಅದರ ಜೊತೆಗೇ ಮಳೆಗಾಲದ ಹಿತ್ತಿಲಿನ ತಯಾರಿ. ಮೊದಲ ಮಳೆ ಬಿದ್ದು ನೆಲ ಮೆತ್ತಗಾದೊಡನೆ ಶುಂಠಿ, ಅರಸಿನ, ಕೆಸು, ಸುವರ್ಣಗಡ್ಡೆ ಮಣ್ಣಿಗಿಳಿಯಬೇಕು. ಹೀರೆ, ಪಡವಲ, ಹಾಗಲಕ್ಕೆ ಚಪ್ಪರದ ಕಂಬ ನೆಡಬೇಕು. ಬೆಂಡೆಗೆ ನೀರು ನಿಲ್ಲದ ಎತ್ತರದ ಏರಿ ಕಟ್ಟಬೇಕು. ಬಿಸುವಿನ ದಿನ ಕಣಿ ಇಟ್ಟು, ಗದ್ದೆಗೆ ಕೈಬಿತ್ತು ಹಾಕುವ ಸಂಪ್ರದಾಯ ತುಳುನಾಡಿನಲ್ಲಿ ನಡೆಯುವುದೂ ಇದೇ ಹೊತ್ತಿಗೆ. ದೇವರ ಮುಂದೆ ಇಡುವ ಸೌತೆ, ಮಾವು, ಹಲಸು, ಗೇರು ಎಲ್ಲವೂ ಆ ದಿನ ಮನೆಯ ಸುತ್ತಲಿಂದಲೇ ಸಿಗುವಂಥವು. ಏಪ್ರಿಲ್ ಹತ್ತರಿಂದ ಇಪ್ಪತ್ತರವರೆಗಿನ ಪುತ್ತೂರು ಜಾತ್ರೆ, ಅದರ ನಡುವೆಯೇ ಬರುವ ಬಿಸು, ಮೇ ಕೊನೆಯ ವಾರದಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ. ಇವುಗಳ ನಡುವಿನ ಸುಮಾರು ನಲವತ್ತು ದಿನಗಳಲ್ಲಿ ಒಂದು ಮನೆಯ ಇಡೀ ವರ್ಷದ ತರಕಾರಿಯ ಹಣೆಬರಹ ನಿರ್ಧಾರವಾಗುತ್ತದೆ.

ಈ ಕೆಲಸದಲ್ಲಿರುವ ತಿಳಿವಳಿಕೆಯ ಆಳಕ್ಕೆ ಸುಡುಮಣ್ಣು ಒಳ್ಳೆಯ ಉದಾಹರಣೆ. ತರಗೆಲೆ, ಒಣಕಡ್ಡಿ, ತೆಂಗಿನ ಮಡಲಿನ ತುಂಡು, ಒಣಸೆಗಣಿ ಇಷ್ಟನ್ನು ಹರಡುತ್ತಾರೆ. ಅದರ ಮೇಲೆ ಹುಲ್ಲಿನ ಬೇರು ಸಹಿತ ಕೆತ್ತಿದ ಮಣ್ಣು. ಮತ್ತೆ ಸೊಪ್ಪು, ಮತ್ತೆ ಮಣ್ಣು. ಮೇಲೆ ಪೂರ್ತಿ ಮಣ್ಣು ಮುಚ್ಚಿ, ಗಾಳಿ ಬರುವ ಬದಿಯಲ್ಲಿ ಒಂದು ಕಿಂಡಿ ಬಿಟ್ಟು ಬೆಂಕಿ ಕೊಡುತ್ತಾರೆ. ಜ್ವಾಲೆ ಮೇಲೇಳಬಾರದು. ಎದ್ದರೆ ಅಲ್ಲಿಗೆ ಇನ್ನೊಂದು ಹಾರೆ ಮಣ್ಣು. ಒಳಗೊಳಗೇ ದಿನಗಟ್ಟಲೆ ಹೊಗೆಯಾಡಿ ರಾಶಿ ಕುಸಿಯುತ್ತದೆ. ಆರಿದ ಮೇಲೆ ಕೆದಕಿದರೆ ಕೆಂಪು, ಕಪ್ಪು, ಬೂದಿ ಬೆರೆತ ಹುಡಿಮಣ್ಣು. ಜರಡಿ ಹಿಡಿದು ಸೌತೆಯ ಗುಳಿಗೆ, ಬದನೆಯ ಬುಡಕ್ಕೆ ಹಾಕಿದರೆ ಗಿಡ ಬೇಗ ಚಿಗುರುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ನಮ್ಮದು ಮುರಕಲ್ಲಿನ ಹುಳಿಮಣ್ಣು. ಇಷ್ಟು ಮಳೆಗೆ ಪೊಟ್ಯಾಷ್, ಸುಣ್ಣದಂಶ ತೊಳೆದುಹೋಗಿರುತ್ತವೆ. ಬೂದಿ ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಬಿಸಿಗೆ ಕಳೆಯ ಬೀಜ, ಬೇರಿನ ಜಂತುಹುಳು ಸಾಯುತ್ತವೆ. ಮಣ್ಣಿನ ಸಾವಯವ ಅಂಶವೂ ಸುಡುತ್ತದೆ ಎಂಬುದು ಇದರ ದೋಷ. ಅದಕ್ಕೇ ಹಿರಿಯರು ಇದನ್ನು ತೋಟಕ್ಕೆಲ್ಲ ಎರಚದೆ ಗುಳಿಗೆ ಮಾತ್ರ, ಅದೂ ಹಟ್ಟಿಗೊಬ್ಬರದ ಜೊತೆ ಹಾಕುತ್ತಿದ್ದರು.

ಬೀಜದ ವಿಷಯವೂ ಹಾಗೆಯೇ. ಬಳ್ಳಿಯ ಬುಡದ ಹತ್ತಿರ ಬಿಟ್ಟ, ಆಕಾರ ಒಳ್ಳೆಯದಿರುವ ಸಾಂಬಾರು ಸೌತೆಯೊಂದನ್ನು ಗುರುತಿಟ್ಟು ಪೂರ್ತಿ ಹಳದಿಯಾಗುವವರೆಗೆ ಬಿಡಬೇಕು. ಸೀಳಿ, ತಿರುಳನ್ನು ಬೀಜ ಸಹಿತ ಒಂದು ದಿನ ನೆನೆಬಿಟ್ಟರೆ ಲೋಳೆ ಬಿಡುತ್ತದೆ. ತೊಳೆದಾಗ ತೇಲುವುದೆಲ್ಲ ಜೊಳ್ಳು, ಮುಳುಗಿದ್ದೇ ಬೀಜ. ಅದನ್ನು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಬೇಕು. ಸಾಂಬಾರು ಸೌತೆಯೂ ಇಬ್ಬುಡ್ಲವೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ. ಹತ್ತಿರ ಹತ್ತಿರ ಬೆಳೆದರೆ ಜೇನ್ನೊಣ ಎರಡನ್ನೂ ಬೆರೆಸುತ್ತದೆ, ಮುಂದಿನ ವರ್ಷದ ಕಾಯಿ ಎರಡೂ ಆಗಿರುವುದಿಲ್ಲ. ಮುಳ್ಳುಸೌತೆ ಬೇರೆ ಜಾತಿ, ಅದರಿಂದ ಆ ಭಯವಿಲ್ಲ. ಅಲಸಂಡೆ ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ, ಯಾರು ಬೇಕಾದರೂ ಯಾವ ಹಿತ್ತಿಲಿನಲ್ಲೂ ತಳಿ ಕೆಡದಂತೆ ಉಳಿಸಿಕೊಳ್ಳಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಏಪ್ರಿಲ್‌ನಲ್ಲಿ ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಡದ ಮನೆಗೆ ಆ ಹಕ್ಕಿನಿಂದ ಏನೂ ಸಿಗುವುದಿಲ್ಲ.

ಹಣ್ಣಿನ ಮರಗಳ ವಿಷಯದಲ್ಲೂ ವಸಂತವೇ ನಿರ್ಣಾಯಕ. ಹಲಸಿನ ಕಸಿ ಕಟ್ಟುವುದು ಮಳೆಯ ತಂಪಿನಲ್ಲಾದರೂ ಯಾವ ಮರದ ಕಡ್ಡಿ ಎಂದು ತೀರ್ಮಾನಿಸುವುದು ಹಣ್ಣು ತಿಂದಾಗ. ಗಟ್ಟಿ ಸೊಳೆಯ ಬಕ್ಕೆಯೋ ಮೆತ್ತನೆಯ ತುಳುವವೋ, ಸೊಳೆ ಹಪ್ಪಳಕ್ಕೆ ಆಗುತ್ತದೋ ಇಲ್ಲವೋ, ಮಳೆ ಹಿಡಿದ ಮೇಲೂ ರುಚಿ ಉಳಿಸಿಕೊಳ್ಳುತ್ತದೋ ಎಂಬುದನ್ನು ಈಗಲೇ ನೋಡಿ ಬರೆದಿಡಬೇಕು. ದಾರಿ ಬದಿಯ ಕಾಟುಮಾವಿನ ಮರವನ್ನು ರಸ್ತೆ ಅಗಲಗೊಳಿಸುವಾಗ ಕಡಿದ ಮೇಲೆ ಅದರ ರುಚಿಯನ್ನು ಯಾರೂ ಮರಳಿ ತರಲಾರರು. ಹೊಸದಾಗಿ ನೆಟ್ಟ ರಂಬುಟಾನ್, ಮಾಂಗೊಸ್ಟೀನ್ ಗಿಡಗಳಿಗೆ ಮೊದಲ ಕೆಲವು ಬೇಸಗೆ ನೀರು, ಬುಡಕ್ಕೆ ಸೊಪ್ಪಿನ ಮುಚ್ಚಿಗೆ ಸಿಗದಿದ್ದರೆ ಅವು ಉಳಿಯುವುದೇ ಇಲ್ಲ. ಮಾವಿನ ಹಣ್ಣುನೊಣ ಮರಿಯಾಗಿ ಬಿದ್ದ ಹಣ್ಣಿನಿಂದ ಹೊರಬಂದು ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಬಿದ್ದ ಹಣ್ಣನ್ನು ದಿನವೂ ಹೆಕ್ಕಿ ಹೂಳುವುದು, ಬುಡದ ಮಣ್ಣನ್ನು ಕೆರೆದು ಬಿಸಿಲಿಗೆ ಒಡ್ಡುವುದು ಇದೇ ಋತುವಿನ ಕೆಲಸ. ಮಾವಿಗೆ ಮೀಥೈಲ್ ಯೂಜಿನಾಲ್ ಬಲೆ, ಹಾಗಲ-ಸೌತೆಗಳಿಗೆ ಕ್ಯೂಲ್ಯೂರ್ ಬಲೆ ತೂಗಿಸಿದರೆ ವಿಷ ಹೊಡೆಯದೆಯೇ ಅರ್ಧ ಯುದ್ಧ ಗೆದ್ದಂತೆ.

ಇಷ್ಟು ತಿಳಿವಳಿಕೆಯ ಕೆಲಸ ಸರದಿಯ ಕೊನೆಗೆ ಹೋದದ್ದು ಹೇಗೆ? ಒಂದು ಕಾರಣ ಗದ್ದೆಯದು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯ ಲೆಕ್ಕದಲ್ಲಿ ಬದುಕಿದ ಊರುಗಳಿವು. ನೀರು ಸಾಲದ ಗದ್ದೆಗಳಲ್ಲಿ ಏಣೆಲು ಕೊಯ್ಲಾದ ಮೇಲೆ ತರಕಾರಿ ಸಾಲು ಏಳುತ್ತಿತ್ತು. ಬೇಸಗೆ ತರಕಾರಿಗೆ ನೆಲವೂ ಕಾಲವೂ ನೀರಿನ ವ್ಯವಸ್ಥೆಯೂ ಭತ್ತದಿಂದಲೇ ಬಂದಿದ್ದವು. ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ನೆಟ್ಟಾಗ ಭತ್ತದ ಜೊತೆ ತರಕಾರಿಯೂ ಹೋಯಿತು. ಉಳಿದದ್ದು ಬಾವಿಕಟ್ಟೆಯ ಬದಿಯ ಒಂದಿಷ್ಟು ಜಾಗ. ಸೊಪ್ಪು, ತರಗೆಲೆ ಕೊಡುತ್ತಿದ್ದ ಕುಮ್ಕಿ ಗುಡ್ಡೆಗಳಲ್ಲಿ ರಬ್ಬರ್ ಎದ್ದಿತು. ಹಟ್ಟಿಯ ದನಗಳು ಕಡಿಮೆಯಾದವು. ಸಂಶೋಧನೆಯ ನಕ್ಷೆಯೂ ವಾಣಿಜ್ಯ ಬೆಳೆಗಳ ಸುತ್ತಲೇ ಬೆಳೆಯಿತು. ಅಡಿಕೆಗೆ ವಿಟ್ಲ, ತೆಂಗಿಗೆ ನೆಟ್ಟಣದ ಕಿದು, ಗೇರಿಗೆ ಪುತ್ತೂರಿನ ಮೊಟ್ಟೆತ್ತಡ್ಕ. ಮೂರೂ ದೊಡ್ಡ ಕೇಂದ್ರಗಳು, ಮೂರರಿಂದಲೂ ಊರಿಗೆ ಉಪಕಾರವಾಗಿದೆ. ಹಿತ್ತಿಲಿನ ವಿದ್ಯೆ ಮಾತ್ರ ಮನೆಯ ಹಿರಿಯರ, ಅದರಲ್ಲೂ ಹೆಂಗಸರ ನೆನಪಿನಲ್ಲಿ ಉಳಿಯಿತು. ನೆನಪಿನಲ್ಲಿರುವುದು ಬರೆದಿಡದಿದ್ದರೆ ಒಂದೇ ತಲೆಮಾರಿನಲ್ಲಿ ಅಳಿಯುತ್ತದೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟು, ಹಲಸಿನಂಥ ಹಿತ್ತಿಲ ಬೆಳೆಗೆ ಮಾನ ತಂದುಕೊಟ್ಟದ್ದು ಈ ದೃಷ್ಟಿಯಿಂದ ದೊಡ್ಡ ಕೆಲಸ.

ಒಂದೇ ಬೆಳೆಯನ್ನು ನಂಬಿದರೆ ಏನಾಗುತ್ತದೆಂದು ಹೇಳಲು ದೂರ ಹೋಗಬೇಕಿಲ್ಲ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗ ದಶಕಗಳಿಂದ ಅಡಿಕೆ ತೋಟಗಳನ್ನು ತಿನ್ನುತ್ತಿದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗಕ್ಕೆ ಮದ್ದಿಲ್ಲ. ಸೋಗೆ ಹಳದಿಯಾಗುತ್ತದೆ, ಅಡಿಕೆ ಕಪ್ಪಾಗಿ ಉದುರುತ್ತದೆ, ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಕೊಳೆರೋಗ ಹಳೆಯದು. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅದರ ಅಧ್ಯಯನ ನಡೆಸಿ ಬೋರ್ಡೊ ದ್ರಾವಣದ ದಾರಿ ತೋರಿಸಿ ನೂರು ವರ್ಷ ದಾಟಿದೆ. ಅದಕ್ಕಾದರೂ ಸಿಂಪಡಣೆ ಇದೆ, ಹಳದಿ ರೋಗಕ್ಕೆ ಅದೂ ಇಲ್ಲ. ಇಂಥ ತೋಟದ ಯಜಮಾನ ತೆಂಗು, ಕಾಫಿ, ಜಾಯಿಕಾಯಿ, ತಾಳೆ ಎಂದು ಬದಲಿ ವಾಣಿಜ್ಯ ಬೆಳೆಯನ್ನು ಹುಡುಕುತ್ತಾನೆ, ಹುಡುಕಲೇಬೇಕು. ಆದರೆ ಹೊಸ ಬೆಳೆ ಫಲ ಕೊಡುವವರೆಗಿನ ನಾಲ್ಕೈದು ವರ್ಷ ಮನೆಯ ಖರ್ಚು ಇಳಿಯಬೇಕಲ್ಲ? ಆದಾಯ ಕುಸಿದ ಮನೆಯಲ್ಲಿ ಅಂಗಡಿಯ ಚೀಟಿಯನ್ನು ಅರ್ಧ ಮಾಡಬಲ್ಲ ಶಕ್ತಿ ಇರುವುದು ಹಿತ್ತಿಲಿಗೆ ಮಾತ್ರ.

2020ರ ಯುಗಾದಿಯಂದು, ಮಾರ್ಚ್ 25ರಂದು, ಕೊರೊನಾದಿಂದ ದೇಶಕ್ಕೆ ಬೀಗ ಬಿತ್ತು. ಅದು ಸರಿಯಾಗಿ ಈ ಋತುವೇ. ಅಂಗಡಿ ಮುಚ್ಚಿತ್ತು, ಘಟ್ಟದ ಮೇಲಿನ ತರಕಾರಿ ಲಾರಿಗಳ ಓಡಾಟ ತಗ್ಗಿತ್ತು, ಅಡಿಕೆ ಮಾರುಕಟ್ಟೆಯೂ ಕೆಲಕಾಲ ಸ್ತಬ್ಧವಾಗಿತ್ತು. ಚೀಲಗಟ್ಟಲೆ ಅಡಿಕೆ ಅಟ್ಟದಲ್ಲಿದ್ದೂ ಒಂದು ಕಟ್ಟು ಹರಿವೆಗೆ ಪರದಾಡುವ ಸ್ಥಿತಿ ಬರಬಹುದೆಂದು ಆ ವಾರಗಳು ತೋರಿಸಿಕೊಟ್ಟವು. ಗುಜ್ಜೆ, ಹಲಸಿನ ಬೇಳೆ, ಬಸಳೆ, ತೊಂಡೆ, ಕೆಸುವಿನ ಸೊಪ್ಪು ಊಟದ ಮಧ್ಯಕ್ಕೆ ಮರಳಿ ಬಂದವು. ಆ ವರ್ಷ ಅನೇಕ ಹಿತ್ತಿಲುಗಳು ಹೊಸದಾಗಿ ಎದ್ದವು, ಲಾರಿ ಓಡತೊಡಗಿದ ಮೇಲೆ ಮತ್ತೆ ಸರದಿಯ ಕೊನೆಗೆ ಹೋದವು. ಆಪತ್ತು ಬಂದಾಗ ಬೀಜ ಹುಡುಕಿದರೆ ತಡ, ಕಾಯಿ ತರಕಾರಿ ಬರಲು ಕಡಿಮೆಯೆಂದರೂ ಒಂದೂವರೆ ತಿಂಗಳು ಬೇಕು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, 1990ರ ದಶಕದಲ್ಲಿ, ರಷ್ಯದ ಜನ ಸಂಬಳವಿಲ್ಲದ ದಿನಗಳನ್ನು ದಾಟಿದ್ದು ಮನೆಯ ತುಂಡುನೆಲಗಳ ಬಲದಿಂದ. ಆ ದೇಶದ ಆಲೂಗಡ್ಡೆಯ ಬಹುಪಾಲು ಅಂಥ ತುಂಡುಗಳಿಂದಲೇ ಬರುತ್ತಿತ್ತು. ಅವರಿಗೆ ಅದು ಸಾಧ್ಯವಾದದ್ದು ಆ ತುಂಡುಗಳೂ ಅವುಗಳ ವಿದ್ಯೆಯೂ ಒಳ್ಳೆಯ ದಿನಗಳಲ್ಲೇ ಜೀವಂತವಾಗಿದ್ದುದರಿಂದ.

ಇನ್ನು ಎದುರು ವಾದಗಳು. ಅತ್ಯಂತ ಗಟ್ಟಿಯಾದದ್ದು ಹಣದ್ದು. ಒಂದು ಲೀಟರ್ ನೀರಿಗೆ, ಒಂದು ಗಂಟೆಯ ಕೆಲಸಕ್ಕೆ ಅಡಿಕೆ ಕೊಡುವಷ್ಟು ಹಣ ಬೆಂಡೆ ಕೊಡುವುದಿಲ್ಲ ಎನ್ನುತ್ತಾರೆ. ನಿಜ. ಆದರೆ ಎಷ್ಟು ನೀರಿನ ಮಾತು ಇದು? ಹನಿ ನೀರಾವರಿಯಲ್ಲಿ ಬೇಸಗೆಯ ದಿನ ಅಡಿಕೆ ಮರವೊಂದಕ್ಕೆ ಸುಮಾರು 16ರಿಂದ 20 ಲೀಟರ್ ಎಂಬುದು ಶಿಫಾರಸು. ಎಕರೆಗೆ 550 ಮರ ಎಂದರೆ ದಿನಕ್ಕೆ ಹೆಚ್ಚು ಕಡಿಮೆ ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್. ಮೂರು ಸೆಂಟ್ಸ್ ಹಿತ್ತಿಲು ಸುಮಾರು 120 ಚದರ ಮೀಟರ್. ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಕೊಟ್ಟರೂ 600 ಲೀಟರ್. ಒಂದು ಎಕರೆ ತೋಟದ ನೀರಿನ ಶೇ. 6ರ ಆಸುಪಾಸು ಅಷ್ಟೇ. ಮರಕ್ಕೆ ಒಂದು ಲೀಟರ್ ಕಡಿಮೆ. ಆ ಒಂದು ಲೀಟರನ್ನು ಬುಡಕ್ಕೆ ಸೋಗೆ, ಸೊಪ್ಪು ಮುಚ್ಚಿ ಆವಿಯಾಗದಂತೆ ಉಳಿಸಬಹುದು, ಸೋರುವ ಪೈಪನ್ನು ಸರಿಮಾಡಿ ಉಳಿಸಬಹುದು. ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನು ಬಸಳೆಯ ಬುಡಕ್ಕೆ ತಿರುಗಿಸಿದರೆ ಇನ್ನಷ್ಟು ಉಳಿಯುತ್ತದೆ. ಎರಡು ಮೂರು ಎಕರೆಯವರಿಗಂತೂ ಈ ಪಾಲು ಶೇ. 2-3ಕ್ಕೆ ಇಳಿಯುತ್ತದೆ. ಹೀಗಿರುವಾಗ ಹಿತ್ತಿಲು ಒಣಗುವುದಕ್ಕೆ ನೀರಿನ ಅಭಾವ ಕಾರಣವೆನ್ನುವುದು ಸರಿಯಲ್ಲ. ಹಂಚುವಾಗ ಅದು ಕೊನೆಯಲ್ಲಿರುವುದೇ ಕಾರಣ.

ಹಣದ ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿ ತಟ್ಟೆಯದು. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವರ ಮನೆಗೆ ಎರಡು ಕಿಲೋ. ವಾರಕ್ಕೊಮ್ಮೆ ಸಂತೆಗೆ ಹೋಗುವ ಮನೆ ಹದಿನಾಲ್ಕು ಕಿಲೋ ಹೊತ್ತು ತರುವುದಿಲ್ಲ. ತಂದರೂ ಅದು ಟೊಮೆಟೊ, ಆಲೂಗಡ್ಡೆ, ನೀರುಳ್ಳಿ, ಕೋಸಿನಂಥ ಕೆಡದೆ ಉಳಿಯುವ ತರಕಾರಿ. ಹರಿವೆ, ಬಸಳೆ, ನುಗ್ಗೆಸೊಪ್ಪು, ಚಗಟೆ, ತಿಮರೆ ಬುಟ್ಟಿಯಲ್ಲಿ ದೂರ ಪ್ರಯಾಣ ಮಾಡುವಂಥವಲ್ಲ. ಹಿತ್ತಿಲಿದ್ದರೆ ಸೊಪ್ಪು ದಿನದ ಊಟವಾಗುತ್ತದೆ, ಇಲ್ಲದಿದ್ದರೆ ಅಪರೂಪದ ವಸ್ತುವಾಗುತ್ತದೆ.

ವಿಷದ ಪ್ರಶ್ನೆಯನ್ನು ಹೇಳುವಾಗ ಈ ನೆಲದವರಿಗೆ ವಿವರಣೆ ಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನ್ ಏನು ಮಾಡಿತು ಎಂಬುದನ್ನು ಕೊಕ್ಕಡ, ಕೊಯಿಲದ ಆರೈಕೆ ಕೇಂದ್ರಗಳ ಮಕ್ಕಳನ್ನು ಕಂಡವರು ಬಲ್ಲರು. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರ ಮೇ 13ರಂದು. ಅಂಗಡಿಯ ಹಾಗಲಕಾಯಿಗೆ ಎಷ್ಟು ಸಲ, ಯಾವ ಮದ್ದು ಹೊಡೆದಿದೆ ಎಂದು ಕೊಳ್ಳುವವನಿಗೆ ಹೇಳುವವರಿಲ್ಲ. ಹಿತ್ತಿಲಿನಲ್ಲಿ ಅದು ನಮ್ಮದೇ ತೀರ್ಮಾನ. ಹಾಗೆಂದು ಹಿತ್ತಿಲು ತಾನಾಗಿ ಶುದ್ಧ ಎಂದೂ ತಿಳಿಯಬಾರದು. ಅಡಿಕೆಗೆ ಹೊಡೆಯುವ ಬೋರ್ಡೊದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಇರುತ್ತದೆ. ಆ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಸೇರುತ್ತಲೇ ಹೋಗುತ್ತದೆ. ಹಾಗಾಗಿ ಸೊಪ್ಪು ತರಕಾರಿಯನ್ನು ಅಡಿಕೆ ಮರದ ಕೆಳಗೆ, ಸಿಂಪಡಣೆಯ ತುಂತುರು ಬೀಳುವಲ್ಲಿ ಬೆಳೆಯಬಾರದು. ಹಿತ್ತಿಲಿಗೆ ಬಿಸಿಲಿರುವ, ಪ್ರತ್ಯೇಕವಾದ ಜಾಗವೇ ಬೇಕು. ಉಳಿಕೆ ಮೂಲೆಯನ್ನು ಕೊಡಬಾರದೆನ್ನಲು ಇದೂ ಒಂದು ಕಾರಣ.

ಕಾಡುಪ್ರಾಣಿಗಳ ಕಾಟ ಎರಡನೆಯ ಎದುರು ವಾದ. ಇದು ನೆಪವಲ್ಲ, ಸಂಕಟ. ಮಂಗಗಳ ಹಿಂಡು ಒಂದು ಬೆಳಗಿನಲ್ಲಿ ಇಡೀ ಚಪ್ಪರ ಬರಿದು ಮಾಡುತ್ತದೆ. ಕಾಡಂಚಿನ ಊರುಗಳಲ್ಲಿ ಹಂದಿ ಗೆಣಸಿನ ಏರಿಯನ್ನು ಅಗೆದುಹಾಕುತ್ತದೆ, ನವಿಲು ಸಸಿಯ ಕುಡಿ ಚಿವುಟುತ್ತದೆ. ಎಷ್ಟೋ ಮನೆಗಳು ತರಕಾರಿ ಬಿಟ್ಟದ್ದು ಈ ಸೋಲಿನಿಂದ. ಆದರೆ ದೂರದ ಗದ್ದೆಯಲ್ಲಿ ಕಾಯಲಾಗದ್ದನ್ನು ಅಂಗಳದ ಬದಿಯಲ್ಲಿ, ಬಲೆ ಹೊದೆಸಿದ ಎರಡು ಸೆಂಟ್ಸಿನಲ್ಲಿ ಕಾಯಬಹುದು. ಶುಂಠಿ, ಅರಸಿನ, ಕೆಸು, ಸೊಪ್ಪುಗಳನ್ನು ಬಲೆಯ ಹೊರಗೆ, ಕಾಯಿ ತರಕಾರಿಯನ್ನು ಒಳಗೆ ಇಡುವ ವಿಂಗಡಣೆ ಬಹಳ ನಷ್ಟ ತಪ್ಪಿಸುತ್ತದೆ. ಬಲೆಗೆ ದುಡ್ಡು ಬೇಕು. ತೋಟದ ಬೇಲಿಗೆ ಸಹಾಯಧನ ಕೇಳುವ ನಾವು ಹಿತ್ತಿಲಿನ ಬಲೆಗೂ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಜನರ ಓಡಾಟ. ಆಳಿಲ್ಲದ ತೋಟಕ್ಕೆ ಮಂಗ ಬರುವಷ್ಟು ಸಲೀಸಾಗಿ ದಿನವೂ ಮನೆಯವರ ಕಾಲು ಬೀಳುವ ಜಾಗಕ್ಕೆ ಬರುವುದಿಲ್ಲ.

ಮೂರನೆಯದು ದುಡಿಮೆಯ ಪ್ರಶ್ನೆ, ನನ್ನ ವಾದದ ಅತಿ ಸೂಕ್ಷ್ಮ ಜಾಗವೂ ಇದೇ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರು ಹಿರಿಯರು. ಇಂಥ ಮನೆಗಳೇ ಈಗ ಹೆಚ್ಚು. ಹಿತ್ತಿಲಿಗೆ ಮೊದಲ ಸ್ಥಾನ ಎಂದರೆ ಮನೆಯ ಹೆಂಗಸಿಗೆ ಇನ್ನೊಂದು ಹೊರೆ ಎಂದಾದರೆ ನಾನು ಈ ವಾದವನ್ನೇ ಹಿಂತೆಗೆದುಕೊಳ್ಳುತ್ತೇನೆ. ಇಷ್ಟು ಕಾಲ ನಡೆದದ್ದು ಅದೇ. ಕೆಲಸ ಅವಳದ್ದು, ನೀರಿನ ವಾಲ್ವ್ ತಿರುಗಿಸುವ ಅಧಿಕಾರ ಅವನದ್ದು. ಗುಳಿ ತೆಗೆಯುವುದು, ಕಂಬ ನೆಡುವುದು, ಸುಡುಮಣ್ಣಿಗೆ ಮಣ್ಣು ಹೊರುವುದು ಅಡಿಕೆ ತೋಟದ ಕೆಲಸದಷ್ಟೇ ಕೃಷಿ. ತೋಟಕ್ಕೆ ಆಳು ಕರೆಯುವ ದಿನಗಳಲ್ಲಿ ಎರಡು ದಿನ ಹಿತ್ತಿಲಿಗೆಂದೇ ಮೀಸಲಿಡಬೇಕು, ಅದರ ಖರ್ಚೂ ಉತ್ಪತ್ತಿಯೂ ಅಡಿಕೆಯ ಲೆಕ್ಕಪುಸ್ತಕದಲ್ಲೇ ಬರೆಯಲ್ಪಡಬೇಕು. ಬರೆದ ಮೇಲಷ್ಟೇ ಆ ದುಡಿಮೆ ಮನೆಯ ಮಾತುಕತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅದೃಷ್ಟಕ್ಕೆ ಈ ನಲವತ್ತು ದಿನಗಳು ಶಾಲೆಯ ಬೇಸಗೆ ರಜೆಯ ದಿನಗಳೂ ಹೌದು. ಊರಿಗೆ ಬಂದ ಮಕ್ಕಳು ಬೀಜ ತೊಳೆಯಲಿ, ಹಲಸಿನ ಮರಕ್ಕೆ ಹೆಸರು ಕೊಟ್ಟು ರುಚಿ ಬರೆದಿಡಲಿ.

ತೋಟವೇ ಇಲ್ಲದವರನ್ನು ಮರೆತರೆ ಈ ಮಾತು ಅರ್ಧವಾಗುತ್ತದೆ. ಐದು ಸೆಂಟ್ಸ್ ನಿವೇಶನದ ಮನೆಗಳಿವೆ. ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ದುಡಿದ ತಮಿಳು ಕುಟುಂಬಗಳ ಲೈನ್ ಮನೆಗಳಿವೆ. ಪೋಷಕಾಂಶದ ಅಗತ್ಯ ಹೆಚ್ಚಿರುವುದು ಅಲ್ಲಿ, ಬೇಸಗೆಯಲ್ಲಿ ಕೊಡಪಾನ ಹಿಡಿದು ಸಾಲು ನಿಲ್ಲುವುದೂ ಅಲ್ಲೇ. ಪಂಚಾಯತಿನ ಕುಡಿಯುವ ನೀರನ್ನು ಗಿಡಕ್ಕೆ ಹಾಕಿ ಎಂದು ಅವರಿಗೆ ಹೇಳುವಂತಿಲ್ಲ. ಆ ಕೇರಿಗಳಿಗೆ ಒಂದು ಸಾಮೂಹಿಕ ಬಾವಿ, ಒಂದು ಸಾಮೂಹಿಕ ತುಂಡುನೆಲ ಕೊಡುವುದು ಪಂಚಾಯತುಗಳಿಂದ ಆಗಬೇಕಾದ ಕೆಲಸ. ನೆರೆಯ ಕೇರಳದಲ್ಲಿ ‘ಓಣಂಗೆ ಒಂದು ಮೊರ ತರಕಾರಿ’ ಎಂಬ ಸರಕಾರಿ ಯೋಜನೆ ಮನೆಮನೆಗೆ ಬೀಜದ ಪೊಟ್ಟಣ ತಲುಪಿಸುತ್ತದೆ. ಒಂದು ಹಬ್ಬವನ್ನು ಗುರಿಯಾಗಿಟ್ಟು ಬಿತ್ತನೆಯ ದಿನವನ್ನು ಹಿಂದಕ್ಕೆ ಎಣಿಸುವ ಆ ಉಪಾಯ ನಮಗೂ ಹೊಂದುತ್ತದೆ. ನಮ್ಮ ಹಬ್ಬ ಬಿಸು.

ಋತುವಿನ ಲೆಕ್ಕ ಈಗ ಮೊದಲಿನಷ್ಟು ನಂಬಿಕೆಯದ್ದೂ ಅಲ್ಲ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. ಎರಡು ವಾರದ ಈ ಓಲಾಟದಲ್ಲಿ ಒಂದು ವರ್ಷ ಬಿತ್ತಿದ್ದು ಒಣಗುತ್ತದೆ, ಇನ್ನೊಂದು ವರ್ಷ ಏರಿ ಕಟ್ಟುವ ಮೊದಲೇ ಮಳೆ ಹಿಡಿಯುತ್ತದೆ. ಪತ್ತನಾಜೆಯನ್ನು ನಂಬಿ ಕೂರದೆ ಗುಳಿ, ಏರಿ, ಚಪ್ಪರದ ಕೆಲಸವನ್ನು ಬಿಸುವಿನೊಳಗೆ ಮುಗಿಸಿ, ಬೀಜವನ್ನು ಎರಡು ಕಂತಿನಲ್ಲಿ ಹಾಕುವುದೇ ಜಾಣತನ. ಬಿಡುವಾದಾಗ ನೋಡೋಣ ಎನ್ನುವ ಮನೆಗೆ ಇಂಥ ಹವಾಮಾನದಲ್ಲಿ ತರಕಾರಿ ಸಿಗುವುದಿಲ್ಲ.

ಆದ್ದರಿಂದ ಮಾಡಬೇಕಾದದ್ದು ನಾಲ್ಕು ಕೆಲಸ. ಪಂಪಿನಿಂದ ಹೊರಟ ಪೈಪಿಗೆ ಮೊದಲ ಕವಲು ಹಿತ್ತಿಲಿನದ್ದಾಗಿರಲಿ, ಅಡಿಕೆಯ ವಾಲ್ವ್ ಅದರ ನಂತರ ಬರಲಿ. ಮಾರ್ಚ್ ಕೊನೆಯೊಳಗೆ ಹಟ್ಟಿಗೊಬ್ಬರದ ಒಂದು ಪಾಲು ಪ್ರತ್ಯೇಕ ರಾಶಿಯಾಗಲಿ. ಮೈಲುತುತ್ತು, ಸುಣ್ಣ ಮಾರುವ ಸಹಕಾರಿ ಸಂಘಗಳು ಬಿಸುವಿಗೆ ಮೊದಲು ಊರ ತಳಿಯ ಬೀಜ ವಿನಿಮಯಕ್ಕೆ ಒಂದು ದಿನ, ಒಂದು ಜಗಲಿ ಬಿಟ್ಟುಕೊಡಲಿ. ಹಿತ್ತಿಲಿನ ಕೆಲಸವೂ ಕಾಯಿಪಲ್ಲೆಯೂ ಲೆಕ್ಕಪುಸ್ತಕಕ್ಕೆ ಬರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಡ, ದೊಡ್ಡ ಬಂಡವಾಳ ಬೇಡ. ಅಡಿಕೆಯ ಬೆಲೆಯನ್ನು ಆಮದು ನೀತಿಯೂ ದೂರದ ಮಾರುಕಟ್ಟೆಯೂ ನಿರ್ಧರಿಸುತ್ತವೆ, ಅದರ ಆರೋಗ್ಯವನ್ನು ಮದ್ದಿಲ್ಲದ ರೋಗವೊಂದು ಅಲುಗಾಡಿಸುತ್ತಿದೆ. ನಮ್ಮ ಹಿಡಿತದಲ್ಲೇ ಪೂರ್ತಿ ಇರುವ ಕೃಷಿ ಮನೆಯ ಹಿಂದಿನ ಮೂರು ಸೆಂಟ್ಸಿನದ್ದು. ನೀರಿನಲ್ಲಿ ಮೊದಲ ಪಾಲು ಪಡೆಯುವ ಅರ್ಹತೆ ಅದಕ್ಕಿದೆ, ಮತ್ತು ಅದನ್ನು ಕೊಡುವ ತೀರ್ಮಾನ ಈ ಬೇಸಗೆಯಲ್ಲೇ ಆಗಬೇಕು.